ಸಂದೇಶ ಬಾರದ ಹಾಡಿನ ಪೆಟ್ಟಿಗೆ

ಮಹಿಳಾ ಕಾರಾಗೃಹ
14 ಅಕ್ಟೋಬರ್ 2023

ಪ್ರೀತಿಯ ಯಾಗೊದಾ,

ಇಲ್ಲಿಗೆ ಬಂದ ನಾಲ್ಕು ತಿಂಗಳಲ್ಲಿ ನಿನಗೆ ಬರೆಯುತ್ತಿರುವ ಆರನೆಯ ಕಾಗದ ಇದು. ಹಿಂದಿನ ಐದಕ್ಕೆ ಉತ್ತರ ಬರಲಿಲ್ಲ ಎಂದು ದೂರಲು ಬರೆಯುತ್ತಿಲ್ಲ. ಹೋದ ಶನಿವಾರ ಭೇಟಿಗೆ ಬಂದಿದ್ದ ಅಜ್ಜಿ, "ಬರೀತಾಳೆ ಬಿಡು ಎದಿತಾ. ಹದಿನಾರು ವರ್ಷದ ಹುಡುಗೀರ ಕೈಗೆ ಪೆನ್ನು ಬರೋದು ಸ್ವಲ್ಪ ನಿಧಾನ" ಅಂದರು. ನಾನೂ ಹಾಗೇ ಅಂದುಕೊಂಡಿದ್ದೇನೆ.

ಈ ಸಲ ಒಂದು ಕೆಲಸವಿದೆ. ಇಲ್ಲಿ ಫೋನ್ ಇಟ್ಟುಕೊಳ್ಳುವಂತಿಲ್ಲ, ನಿನಗೆ ಗೊತ್ತು. ಆದರೆ ಹಾಡು ಕೇಳುವ ಸಣ್ಣ ಪ್ಲೇಯರ್ ಇಟ್ಟುಕೊಳ್ಳಲು ಅರ್ಜಿ ಹಾಕಿದ್ದೆ, ಒಪ್ಪಿದ್ದಾರೆ. ಅದರಲ್ಲಿ ಇಂಟರ್ನೆಟ್ ಇರಬಾರದು, ಕ್ಯಾಮೆರಾ ಇರಬಾರದು, ದನಿ ಮುದ್ರಿಸುವ ಸೌಲಭ್ಯವೂ ಇರಬಾರದು. ಹಾಡುಗಳನ್ನು ಹೊರಗೇ ತುಂಬಿಸಿ ಕಳಿಸಬೇಕು. ಒಳಗೆ ಬಂದ ಮೇಲೆ ಒಂದನ್ನೂ ಸೇರಿಸಲು, ತೆಗೆಯಲು ಆಗದು. ಅಂಗಡಿಗಳಲ್ಲಿ ಇಂಥದ್ದು ಈಗ ಸಿಗುತ್ತದೋ ಇಲ್ಲವೋ ನನಗೆ ತಿಳಿಯದು.

ಯಾವ ಹಾಡು ಬೇಕೆಂದು ಹೇಳುವುದಿಲ್ಲ. ನೀನು ಕೇಳುವುದನ್ನೇ ಹಾಕು. ನೀನು ಏನು ಕೇಳುತ್ತೀಯ ಎಂಬುದೇ ನನಗೆ ಗೊತ್ತಿಲ್ಲ ಎಂದು ಇಲ್ಲಿಗೆ ಬಂದ ಮೇಲೆ ಹೊಳೆಯಿತು. ಒಂದೇ ಮೇಜಿನಲ್ಲಿ ಕೂತು ಉಣ್ಣುವಾಗಲೂ ನಮ್ಮಿಬ್ಬರ ಕಿವಿಯಲ್ಲಿ ಬೇರೆ ಬೇರೆ ಹಾಡು.

ಜೆನೊನ್ ಅವರ ಕಾಲಿಗೆ ಮೂರನೆಯ ಶಸ್ತ್ರಚಿಕಿತ್ಸೆ ಆಯಿತು, ಈಗ ಎದ್ದು ನಿಲ್ಲುತ್ತಾರೆ ಎಂದು ಅಜ್ಜಿ ಹೇಳಿದರು. ಅವರ ಸೈಕಲ್ಲಿಗೆ ನಾನು ಕಾರು ಗುದ್ದಿದ್ದು ಮುಂದಿನ ತಿಂಗಳಿಗೆ ಒಂದು ವರ್ಷ. ಅವರು ಎದ್ದು ನಿಂತ ಸುದ್ದಿ ಕೇಳಿದ ದಿನ ಊಟ ರುಚಿಸಿತು.

ಬೆಚ್ಚಗಿರು. ನನ್ನ ಬೂದು ಕೋಟು ನಿನಗೆ ಈಗ ಸರಿಹೋಗಬಹುದು, ಹಾಕಿಕೋ.

ನಿನ್ನ ಅಮ್ಮ

*

ತೋರುನ್
3 ನವೆಂಬರ್ 2023

ಅಮ್ಮ,

ಪ್ಲೇಯರ್ ಸಿಕ್ಕಿತು. ಸೇತುವೆ ಹತ್ತಿರದ ಹಳೆ ಸಾಮಾನಿನ ಅಂಗಡಿಯಲ್ಲಿ. ಅಂಗಡಿಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏನಮ್ಮ, ಫೋನ್ ಕಳಕೊಂಡ್ಯಾ?"

"ಇಲ್ಲ."

"ಮತ್ತೆ ಇದ್ಯಾಕೆ? ನಿಮ್ಮ ವಯಸ್ಸಿನೋರು ಇದನ್ನ ಮೂಸೂ ನೋಡಲ್ಲ."

"ಅಮ್ಮಂಗೆ."

"ಅಯ್ಯೋ, ಆಸ್ಪತ್ರೆಲಿದಾರಾ?"

ಹೂಂ ಅಂದುಬಿಟ್ಟೆ. ಅವಳು ಒಂದು ಸೆಲ್ ಹೆಚ್ಚಿಗೆ ಕೊಟ್ಟು, ಬೇಗ ಹುಷಾರಾಗಲಿ ಅಂದಳು. ಆಗಿಬಿಡು ಮತ್ತೆ.

ಇದೊಂದು ಬೆಂಕಿಪೊಟ್ಟಣ. ಐದು ಗುಂಡಿ. ಪರದೆಯಲ್ಲಿ ಹಾಡಿನ ಹೆಸರೂ ಬರುವುದಿಲ್ಲ, ಬರೀ ನಂಬರು. ಹುಡುಕುವ ಹಾಗಿಲ್ಲ. ಮೂವತ್ತೊಂಬತ್ತನೆಯದು ಬೇಕಾದರೆ ಮೂವತ್ತೆಂಟು ಸಲ ಒತ್ತಬೇಕು. ಅಜ್ಜಿಯ ಕಂಪ್ಯೂಟರಿನಿಂದ ತಂತಿ ಹಾಕಿ ತುಂಬಿಸಲು ಇಡೀ ಮಧ್ಯಾಹ್ನ ಹೋಯಿತು. ನನ್ನ ಫೋನಿನಲ್ಲಿ ಭೂಮಿಯ ಮೇಲಿರುವ ಅಷ್ಟೂ ಹಾಡು ಸಿಗುತ್ತೆ, ಇದರಲ್ಲಿ ನಲವತ್ತು. ಒಟ್ಟು ಎರಡೂವರೆ ಗಂಟೆ. ಆಮೇಲೆ ಮತ್ತೆ ಮೊದಲಿನಿಂದ ಅದೇ.

ಏನು ಹಾಕಿದ್ದೀನಿ ಅಂತ ಹೇಳಲ್ಲ. ಕೆಲವು ಕೆಟ್ಟವು. ಕೋಪದಲ್ಲಿ ಹಾಕಿದ್ದು.

ಸತ್ತವರ ಹಬ್ಬಕ್ಕೆ ಅಜ್ಜನ ಸಮಾಧಿಗೆ ದೀಪ ಇಟ್ಟು ಬಂದೆವು. ಕೋಟು ಹಾಕಿಕೊಂಡಿದ್ದೆ. ತೋಳು ಉದ್ದ.

ಭೇಟಿಗೆ ಬಾ ಅಂತ ಅಜ್ಜಿ ಪ್ರತಿ ವಾರ ಪೀಡಿಸುತ್ತಾಳೆ. ಬರಲ್ಲ. ಯಾಕೆ ಅಂತ ಕೇಳಬೇಡ.

ಯಾಗೊದಾ

*

ಮಹಿಳಾ ಕಾರಾಗೃಹ
21 ನವೆಂಬರ್ 2023

ಪ್ರೀತಿಯ ಯಾಗೊದಾ,

ಬಂತು! ಹನ್ನೊಂದು ದಿನ ತಪಾಸಣೆಯವರ ಮೇಜಿನ ಮೇಲಿತ್ತು. ಕೊನೆಗೆ ಮೇಲ್ವಿಚಾರಕಿ ತಂದುಕೊಟ್ಟು, "ನಿಮ್ಮ ಮಗಳ ಹಾಡು ಕೇಳಿ ನಮ್ಮ ಹುಡುಗಂಗೆ ತಲೆನೋವು ಬಂತಂತೆ. ಅಷ್ಟನ್ನೂ ಕೇಳಿ ನೋಡೋದು ಅವನ ಕೆಲಸ, ಪಾಪ" ಎಂದು ನಕ್ಕಳು.

ಮೊದಲ ಎಂಟು ಹಾಡು ಬರೀ ಕಿರುಚಾಟ. ಕೋಪ ಎಂದರೆ ಇದೇ ಇರಬೇಕೆಂದು ಪೂರ್ತಿ ಕೇಳಿದೆ. ಮೊದಲ ದಿನ ಸಹಿಸಿದೆ, ಎರಡನೆಯ ದಿನ ತಲೆ ಅಲ್ಲಾಡಿತು, ನಾಲ್ಕನೆಯ ದಿನ ಐದನೆಯ ಹಾಡಿಗೆ ನಾನೂ ಸಣ್ಣಗೆ ಕಿರುಚಿದೆ. ನನ್ನ ಕೋಣೆಯ ಜೊತೆಗಾತಿ ಬೊಜೆನಾ ಹೆದರಿ ಎದ್ದು ಕೂತಳು. ಅರವತ್ತು ವರ್ಷದವಳು. ಈಗ ಅವಳೂ ಒಂದು ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೂರುತ್ತಾಳೆ. "ಈ ಹುಡುಗ ಯಾಕಿಷ್ಟು ಅರಚ್ತಾನೆ? ಯಾರಾದ್ರೂ ಒಂದು ಲೋಟ ನೀರಾದ್ರೂ ಕೊಡಬಾರದಾ?" ಎನ್ನುತ್ತಾಳೆ.

ನನ್ನ ಫೋನಿನಲ್ಲಿ ನಾನು ಹಾಡು ಕೇಳುತ್ತಿದ್ದ ರೀತಿ ನೆನಪಾಯಿತು. ಅರ್ಧ ನಿಮಿಷ ಒಂದು, ಹಿಡಿಸಲಿಲ್ಲ, ಮುಂದಕ್ಕೆ. ಹಾಡುಗಳ ಮೊದಲ ಅರ್ಧ ನಿಮಿಷಗಳು ಸಾವಿರಾರು ಗೊತ್ತಿದ್ದವು, ಒಂದರ ಕೊನೆಯೂ ಗೊತ್ತಿರಲಿಲ್ಲ. ಈ ಬೆಂಕಿಪೊಟ್ಟಣದಲ್ಲಿ ಬಂದದ್ದನ್ನು ಕೇಳಲೇಬೇಕು. ಹನ್ನೆರಡನೆಯ ಹಾಡು, ಹೆಂಗಸೊಬ್ಬಳು ಬರೀ ಗಿಟಾರಿನ ಜೊತೆ ಹಾಡಿದ್ದು, ಮೂರನೆಯ ನಿಮಿಷದಲ್ಲಿ ಅವಳ ದನಿ ಒಡೆಯುತ್ತದೆ ಗೊತ್ತಾ? ಅದನ್ನು ಸರಿಮಾಡದೆ ಹಾಗೇ ಬಿಟ್ಟಿದ್ದಾರೆ. ಅದಕ್ಕಾಗಿಯೇ ನಾನು ಕಾಯುತ್ತೇನೆ.

ಹದಿನೇಳನೆಯದಕ್ಕೆ ಏನು ಹೇಳಲಿ. ಹಾಡು ಬರುತ್ತದೆಂದು ಕಾದರೆ ನಮ್ಮ ಅಡುಗೆಮನೆ ಬಂತು. ಅಜ್ಜಿ ಹಲಗೆಯ ಮೇಲೆ ಮಾಂಸ ಬಡಿಯುವ ಸದ್ದು, ನಲ್ಲಿ, ಹಿಂದೆ ನೀನು ಜರ್ಮನ್ ಕ್ರಿಯಾಪದ ಒಪ್ಪಿಸುತ್ತಿರುವುದು. ಅಷ್ಟೆಲ್ಲ ಕೋಪದ ನಡುವೆ ನನಗಾಗಿ ಮನೆಯನ್ನೇ ಇಟ್ಟು ಕಳಿಸಿದ್ದೀಯ. ಸಂಜೆಯ ಚಹಾದ ಹೊತ್ತಿಗೆ ಅದನ್ನೇ ಹಾಕಿಕೊಳ್ಳುತ್ತೇನೆ.

ಬರುವುದಿಲ್ಲ ಎಂದಿದ್ದೀಯ. ಯಾಕೆಂದು ಕೇಳುವುದಿಲ್ಲ.

ಅಮ್ಮ

*

ತೋರುನ್
6 ಡಿಸೆಂಬರ್ 2023

ಅಮ್ಮ,

ಹದಿನೇಳನೆಯದು ಬೇಕಂತ ಹಾಕಿದ್ದಲ್ಲ. ಜರ್ಮನ್ ಪರೀಕ್ಷೆಗೆ ಅಂತ ಫೋನಿನಲ್ಲಿ ನನ್ನದೇ ದನಿ ಮುದ್ರಿಸಿಕೊಂಡಿದ್ದೆ, ಹಾಡುಗಳ ಜೊತೆ ತಪ್ಪಿ ಹೋಗಿದೆ. ನೀನು ಚಹಾ ಕುಡಿಯುತ್ತಾ ಕೇಳೋದು ನನ್ನ ತಪ್ಪು ಕ್ರಿಯಾಪದಗಳು. ಆ ಪರೀಕ್ಷೆಯಲ್ಲಿ ಫೇಲಾದೆ. ಇದನ್ನು ಹೇಳದೆ ಬಿಟ್ಟಿದ್ದರೆ ನಿನಗೆ ಖುಷಿಯಾಗಿರುತ್ತಿತ್ತು ಅಂತ ಅಜ್ಜಿ ಬೈದಳು. ಆದರೆ ಇಲ್ಲದ್ದನ್ನು ಇದೆ ಅಂತ ನಂಬಿಸೋದು ನನಗೆ ಇಷ್ಟ ಇಲ್ಲ.

ಅಳಿಸಬೇಡ. ಅಳಿಸೋಕೆ ಬರೋದೂ ಇಲ್ಲ ಬಿಡು.

ಹನ್ನೆರಡನೆಯ ಹಾಡಿನಲ್ಲಿ ದನಿ ಒಡೆಯೋದು ನನಗೆ ಗೊತ್ತಿರಲಿಲ್ಲ. ನಾನೂ ಅಲ್ಲಿವರೆಗೆ ಕೇಳಿರಲಿಲ್ಲ. ಈಗ ಕೇಳಿದೆ.

ಬೊಜೆನಾ ಅವರಿಗೆ ಹೇಳು, ಆ ಹುಡುಗ ಅರಚೋದು ಅವನ ನಾಯಿ ಸತ್ತಿದ್ದಕ್ಕೆ. ಇಂಗ್ಲಿಷಿನಲ್ಲಿದೆ, ಹಾಗಾಗಿ ಗೊತ್ತಾಗಲ್ಲ.

ಯಾಗೊದಾ

ಇನ್ನೊಂದು ವಿಷಯ: ನನ್ನ ಫೋನಿಗೆ ಕರೆ ಮಾಡಬೇಡ. ಬ್ಯಾಟರಿ ಸರಿ ಇಲ್ಲ, ಬಳಸುತ್ತಿಲ್ಲ.

*

ಮಹಿಳಾ ಕಾರಾಗೃಹ
17 ಡಿಸೆಂಬರ್ 2023

ನನ್ನ ಪ್ರೀತಿಯ ಮಗಳೇ,

ಬೊಜೆನಾಗೆ ನಾಯಿಯ ವಿಷಯ ಹೇಳಿದೆ. ಅತ್ತಳು. ಈಗ ಆ ಹಾಡು ಬಂದರೆ ಯಾರೂ ಮಾತಾಡುವಂತಿಲ್ಲ ಎಂದು ಅಪ್ಪಣೆ.

ನಿನ್ನೆ ಅಜ್ಜಿ ಬಂದಿದ್ದರು. ನಿನ್ನ ಗುಟ್ಟು ಒಡೆದಿದ್ದಾರೆ, ಅವರನ್ನು ಬೈಯಬೇಡ. ಫೋನಿನ ಬ್ಯಾಟರಿಗೆ ಏನೂ ಆಗಿಲ್ಲವಂತೆ. ನೀನೇ ಅದನ್ನು ಕಾಲುಚೀಲದಲ್ಲಿ ಸುತ್ತಿ ಬೀರುವಿನ ತಳದಲ್ಲಿ ಇಟ್ಟಿದ್ದೀಯಂತೆ. ಆ ಅಂಗಡಿಯಲ್ಲಿ ಒಂದಲ್ಲ, ಎರಡು ಪ್ಲೇಯರ್ ಕೊಂಡೆಯಂತೆ, ಎರಡಕ್ಕೂ ಅವೇ ನಲವತ್ತು ಹಾಡು ಹಾಕಿ ಒಂದನ್ನು ನೀನು ಇಟ್ಟುಕೊಂಡಿದ್ದೀಯಂತೆ. "ಶಾಲೆಗೆ ಹೋಗ್ತಾ ಬರ್ತಾ ಅದೇ ಕಿವೀಲಿ. ಗೆಳತೀರು ಅಜ್ಜಿಕಾಲದೋಳು ಅಂತ ಆಡ್ಕೋತಾರಂತೆ, ಕ್ಯಾರೇ ಅನ್ನಲ್ಲ" ಅಂದರು. ನಾನು ಕೇಳುವುದನ್ನೇ ನೀನೂ ಕೇಳುತ್ತಿದ್ದೀಯ! ಭೇಟಿ ಮುಗಿದು ಕೋಣೆಗೆ ಬರುವಾಗ ಕಾಲು ನೆಲದ ಮೇಲಿರಲಿಲ್ಲ.

ಒಳ್ಳೆಯ ಕೆಲಸ ಮಾಡಿದೆ ಕಣೇ. ಆ ಫೋನ್ ಅಲ್ಲೇ ಬಿದ್ದಿರಲಿ. ಯಾರು ಯಾವಾಗ ಬೇಕಾದರೂ ಅದರೊಳಗೆ ನುಗ್ಗಿ ಬರುತ್ತಾರೆ, ನಮ್ಮ ಗಮನ ಕಿತ್ತುಕೊಂಡು ಹೋಗುತ್ತಾರೆ. ಈ ಪೆಟ್ಟಿಗೆಯೊಳಗೆ ಯಾರೂ ಸಂದೇಶ ಕಳಿಸಲಾರರು. ಆ ದಿನ ಕಾರಿನಲ್ಲಿ ಫೋನಿನ ಬದಲು ಇದು ಇದ್ದಿದ್ದರೆ ನಾನು ಇವತ್ತು ಇಲ್ಲಿರುತ್ತಿರಲಿಲ್ಲ, ಜೆನೊನ್ ಅವರು ತಮ್ಮ ಟ್ರಾಮ್ ಓಡಿಸಿಕೊಂಡಿರುತ್ತಿದ್ದರು.

ಕ್ರಿಸ್ಮಸ್ ಮುನ್ನಾದಿನದ ಊಟಕ್ಕೆ ಕರೆಯದೆ ಬರುವ ಅತಿಥಿಗೆಂದು ಒಂದು ಖಾಲಿ ತಟ್ಟೆ ಇಡುತ್ತೀರಲ್ಲ, ಈ ಸಲ ಅದು ನನ್ನದೆಂದುಕೋ. ಮೀನು ನನಗೆ ಸಣ್ಣ ತುಂಡು ಸಾಕು.

ಅಮ್ಮ

*

ಮಹಿಳಾ ಕಾರಾಗೃಹ
9 ಜನವರಿ 2024

ಪ್ರೀತಿಯ ಯಾಗೊದಾ,

ಹಬ್ಬದ ದಿನ ಇಲ್ಲಿಂದ ಅಜ್ಜಿಗೆ ಐದು ನಿಮಿಷ ಕರೆ ಮಾಡಿದ್ದೆ. ನೀನು ಸ್ನಾನಕ್ಕೆ ಹೋಗಿದ್ದೀಯ ಎಂದರು. ಹಿಂದೆ ನಿನ್ನ ಕೆಮ್ಮು ಕೇಳಿಸಿತು.

ನಾನು ಏನಾದರೂ ತಪ್ಪು ಬರೆದೆನಾ? ಅಜ್ಜಿ ನಿನ್ನ ಗುಟ್ಟು ಹೇಳಿದ್ದು ಬೇಜಾರಾಯಿತಾ?

ಅಮ್ಮ

*

ಮಹಿಳಾ ಕಾರಾಗೃಹ
30 ಜನವರಿ 2024

ಯಾಗೊದಾ,

ನಾನು ಇಲ್ಲಿಗೆ ಬಂದ ಮೇಲೆ ನೀನು ಈಜಿಗೆ ಹೋಗುವುದನ್ನೇ ಬಿಟ್ಟೆಯಂತೆ. ನನಗೆ ಯಾರೂ ಹೇಳಿರಲಿಲ್ಲ. ನಿಮ್ಮ ಶಾಲೆಯ ಟೀಚರು ಅಜ್ಜಿಯನ್ನು ಕರೆಸಿ, ಹುಡುಗಿ ಮೊದಲಿನ ಹಾಗಿಲ್ಲ, ಏನನ್ನೋ ಒಳಗೆ ಇಟ್ಟುಕೊಂಡಿದ್ದಾಳೆ ಎಂದರಂತೆ.

ನಾನು ಇಲ್ಲಿ ಕೂತು ನನ್ನ ಕಾಗದವನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಓದುತ್ತಿದ್ದೇನೆ. ಎಲ್ಲಿ ಎಡವಿದೆನೆಂದು ಗೊತ್ತಾಗುತ್ತಿಲ್ಲ. ಬೈದಾದರೂ ಒಂದು ಸಾಲು ಬರಿ.

ಅಮ್ಮ

*

ತೋರುನ್
16 ಫೆಬ್ರವರಿ 2024

ಅಮ್ಮ,

ಬೈಯಬೇಕಾದವಳು ನೀನು, ನಾನಲ್ಲ.

"ಈ ಪೆಟ್ಟಿಗೆಯೊಳಗೆ ಯಾರೂ ಸಂದೇಶ ಕಳಿಸಲಾರರು" ಅಂತ ಬರೆದೆಯಲ್ಲ. ಹಾಗಾದರೆ ನಿನಗೆ ಗೊತ್ತು. ಮೊದಲಿಂದಲೂ ಗೊತ್ತು. ನನ್ನನ್ನು ನೋಯಿಸಬಾರದು ಅಂತ ಸುತ್ತಿ ಬಳಸಿ ಬರೀತೀಯ.

ಆ ದಿನ ಈಜುಕೊಳದ ಹೊರಗೆ ನಿಂತಿದ್ದೆ. ತಲೆ ಒದ್ದೆ, ಟೊಪ್ಪಿ ಮರೆತಿದ್ದೆ. ಎಲ್ಲರನ್ನೂ ಅವರವರ ಮನೆಯವರು ಬಂದು ಕರೆದುಕೊಂಡು ಹೋದರು. ನಾಲ್ಕು ಮೂವತ್ತೆಂಟಕ್ಕೆ "ಎಲ್ಲಿದ್ದೀಯ?" ಅಂತ ಕಳಿಸಿದೆ. ನಲವತ್ತಕ್ಕೆ "ಮತ್ತೆ ಲೇಟಾ?" ನಲವತ್ತೊಂದಕ್ಕೆ ಇನ್ನೊಂದು. ಅದನ್ನು ಇಲ್ಲಿ ಬರೆಯಲ್ಲ, ಅದು ಕೆಟ್ಟದು. ಪೊಲೀಸರ ಕಾಗದದಲ್ಲಿ ಅಪಘಾತದ ಸಮಯ ನಾಲ್ಕು ನಲವತ್ತನಾಲ್ಕು.

ಕೋರ್ಟಿಗೆ ಅಜ್ಜಿ ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಆದರೆ ಮಾರನೆಯ ದಿನದ ಪತ್ರಿಕೆ ಓದಿದೆ. ನಿನ್ನ ವಕೀಲರು ಹೇಳಿದ್ದು ಅದರಲ್ಲಿದೆ: "ಚಳಿಯಲ್ಲಿ ಕಾಯುತ್ತಿದ್ದ ಮಗಳಿಂದ ಸಂದೇಶದ ಮೇಲೆ ಸಂದೇಶ ಬಂತು. ಯಾವ ತಾಯಿ ತಾನೇ ನೋಡದೆ ಇರುತ್ತಾಳೆ?" ಕತ್ತರಿಸಿ ಇಟ್ಟುಕೊಂಡಿದ್ದೀನಿ.

ಫೋನ್ ತೆರೆದರೆ ಆ ಮೂರು ಸಾಲು ಅಲ್ಲೇ ಇದೆ. ಅಳಿಸೋಕೂ ಆಗಲಿಲ್ಲ, ಅಳಿಸಿದರೆ ಅದೂ ಮೋಸ ಅನ್ನಿಸಿತು. ಅದಕ್ಕೆ ಕಾಲುಚೀಲ. ನಿನ್ನ ಜೊತೆಗೆ ಅಂತ ಪ್ಲೇಯರ್ ಕೇಳ್ತಾ ಇರೋದಲ್ಲ ಅಮ್ಮ. ಅದರಿಂದ ಯಾರಿಗೂ ಏನೂ ಮಾಡೋಕಾಗಲ್ಲ, ಅದಕ್ಕೆ.

ಹತ್ತನೇ ನಂಬರಿನ ಟ್ರಾಮ್ ಹತ್ತಲ್ಲ ನಾನು. ಜೆನೊನ್ ಅವರು ಓಡಿಸುತ್ತಿದ್ದದ್ದು ಅದು. ಶಾಲೆಗೆ ನಡೆದುಕೊಂಡು ಹೋಗ್ತೀನಿ. ಅಲ್ಲಿಗೆ ಭೇಟಿಗೆ ಬಂದು ನಿನ್ನ ಮುಖ ಹೇಗೆ ನೋಡಲಿ?

ಯಾಗೊದಾ

*

ಮಹಿಳಾ ಕಾರಾಗೃಹ
21 ಫೆಬ್ರವರಿ 2024

ಯಾಗೊದಾ, ನನ್ನ ಕಂದ,

ಕಾಗದ ಈಗಷ್ಟೇ ಬಂತು. ಮೊದಲು ಇದನ್ನು ಓದು: ನಿನ್ನ ಸಂದೇಶ ಓದಲು ಹೋಗಿ ನಾನು ಗುದ್ದಲಿಲ್ಲ. ನಾನು ಅದನ್ನು ಓದಲೇ ಇಲ್ಲ. ಈ ಸಾಲು ಇನ್ನೊಂದು ಸಲ ಓದು, ಆಮೇಲೆ ಮುಂದಕ್ಕೆ ಹೋಗು.

ನಾನು ಹಾಡು ಹುಡುಕುತ್ತಿದ್ದೆ.

ಕಾರಿನಲ್ಲಿ ಫೋನು ಗಾಜಿನ ಹತ್ತಿರ ಸಿಕ್ಕಿಸಿತ್ತು. ಒಂದು ಹಾಡು ಬರುತ್ತಿತ್ತು, ಹಿಡಿಸಲಿಲ್ಲ, ತಳ್ಳಿದೆ. ಮುಂದಿನದೂ ಹಿಡಿಸಲಿಲ್ಲ. ಹೀಗೆ ಆರೇಳು. ಕೊನೆಗೆ ಬೇರೆ ಯಾವುದೋ ಹಾಡಿನ ಹೆಸರು ಹುಡುಕಲು ಅಕ್ಷರ ಒತ್ತತೊಡಗಿದೆ. ಅಂಥ ಇಷ್ಟದ ಹಾಡೂ ಅಲ್ಲ ಅದು. ನಿನ್ನ ಸಂದೇಶಗಳು ಪರದೆಯ ಮೇಲಿಂದ ಇಳಿದವು, ಪಟ್ಟಿಗೆ ಅಡ್ಡ ಬಂದವು. ಬೆರಳಿನಿಂದ ಪಕ್ಕಕ್ಕೆ ಸರಿಸಿದೆ. ಯಾರದೆಂದು ಗೊತ್ತಿತ್ತು. ಆದರೂ ಸರಿಸಿದೆ. ಮತ್ತೆ ಹಾಡು ಹುಡುಕಿದೆ. ಮೂರು ನಿಮಿಷ, ಯಾಗೊದಾ. ತಲೆ ಎತ್ತಿದಾಗ ಜೆನೊನ್ ಅವರ ಸೈಕಲ್ಲಿನ ಕೆಂಪು ದೀಪ ತೀರಾ ಹತ್ತಿರವಿತ್ತು.

ಒಬ್ಬ ಮನುಷ್ಯನ ಕಾಲು ಮುರಿದದ್ದು ಯಾತಕ್ಕೆ ಎಂದು ಕೇಳಿದರೆ ಹಾಡು ಬದಲಿಸಲು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ವಕೀಲರು ಫೋನಿನ ದಾಖಲೆ ನೋಡಿ, "ಮಗಳ ಮೆಸೇಜು ಬಂದಿತ್ತಲ್ಲ? ನೋಡಿದ್ರಿ ಅಲ್ವಾ?" ಎಂದರು. ನಾನು ತಲೆ ಆಡಿಸಿದೆ. ಹೌದೆಂದು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಕೋರ್ಟಿನಲ್ಲಿ ಅವರು ಆ ಮಾತು ಹೇಳಿದಾಗ ನ್ಯಾಯಾಧೀಶರ ಮುಖ ಮೆತ್ತಗಾದದ್ದು ನೋಡಿದೆ, ಸುಮ್ಮನೆ ಕೂತೆ. ನಿನ್ನ ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಅದು ನಿನ್ನವರೆಗೆ ಬರುತ್ತದೆ ಎಂದು ಯೋಚಿಸಲಿಲ್ಲ ಎನ್ನಲೇ? ಯೋಚನೆ ಬಂದಿತ್ತು. ಹದಿನೈದರ ಹುಡುಗಿ ಪತ್ರಿಕೆ ಎಲ್ಲಿ ಓದುತ್ತಾಳೆ ಎಂದು ಅದನ್ನೂ ಪಕ್ಕಕ್ಕೆ ಸರಿಸಿದೆ.

ಡಿಸೆಂಬರಿನಲ್ಲಿ ನಾನು ಬರೆದದ್ದೂ ಸುಳ್ಳೇ. ಫೋನಿನ ಬದಲು ಪ್ಲೇಯರ್ ಇದ್ದಿದ್ದರೆ ಎಂದೆನಲ್ಲ, ಇದ್ದಿದ್ದರೆ ಅದರ ಗುಂಡಿ ಮೂವತ್ತೆಂಟು ಸಲ ಒತ್ತುತ್ತಾ ತಲೆ ತಗ್ಗಿಸಿರುತ್ತಿದ್ದೆನೋ ಏನೋ. ಯಂತ್ರದ ಮೇಲೆ ಹೊರಿಸಿದರೆ ನನಗೆ ಹಗುರಾಗುತ್ತಿತ್ತು, ಹೊರಿಸಿದೆ. ಅದು ನಿನ್ನ ಮೇಲೆ ಬಿತ್ತು.

ಏಪ್ರಿಲ್ ಎಂಟಕ್ಕೆ ನನ್ನ ಅವಧಿಪೂರ್ವ ಬಿಡುಗಡೆಯ ವಿಚಾರಣೆ. ಅಲ್ಲಿ ಇದನ್ನೇ ಹೇಳುತ್ತೇನೆ. ಅದಕ್ಕೂ ಮೊದಲು ಜೆನೊನ್ ಅವರಿಗೆ ಇವತ್ತೇ ಬರೆಯುತ್ತೇನೆ.

ಕ್ಷಮಿಸು ಎಂದು ಕೇಳಲು ಈ ಕಾಗದ ಸಾಲದು. ಟೊಪ್ಪಿ ಇಲ್ಲದೆ ನಿಂತು ಮೂರು ಸಾಲು ಕಳಿಸಿದ ಮಗು ಏನೂ ತಪ್ಪು ಮಾಡಿಲ್ಲ. ಆ ಮೂರನೆಯ ಸಾಲು ಎಷ್ಟೇ ಕೆಟ್ಟದಾಗಿರಲಿ.

ಅಮ್ಮ

*

ತೋರುನ್
10 ಮಾರ್ಚ್ 2024

ಅಮ್ಮ,

ಹದಿನೈದು ತಿಂಗಳು! ಹದಿನೈದು ತಿಂಗಳು ನಾನು ಮಲಗೋ ಮುಂಚೆ ಆ ಮೂರು ಸಾಲು ಒಪ್ಪಿಸಿಕೊಂಡು ಮಲಗಿದ್ದೀನಿ. ನೀನು ತಲೆ ಆಡಿಸಿದೆಯಂತೆ! ಕಾಗದ ಓದಿ ಮನೆಯಲ್ಲಿದ್ದ ಚಪ್ಪಲಿಗಳನ್ನೆಲ್ಲ ಗೋಡೆಗೆ ಎಸೆದೆ. ಅಜ್ಜಿ ಬಾಗಿಲಲ್ಲಿ ನಿಂತು ನೋಡಿದಳು, ಆಮೇಲೆ ತನ್ನ ಕಾಲಲ್ಲಿದ್ದ ಜೋಡಿಯನ್ನೂ ಬಿಚ್ಚಿ ನನ್ನ ಕೈಗೆ ಕೊಟ್ಟು, "ಇವೂ ಇವೆ ನೋಡು" ಅಂದಳು. ಅವನ್ನೂ ಎಸೆದೆ. ಆಮೇಲೆ ಇಬ್ಬರೂ ನೆಲದ ಮೇಲೆ ಕೂತು ಅತ್ತೆವು. ಸೋಮವಾರ ಶಾಲೆಗೆ ಹೋಗಲಿಲ್ಲ, ಮಧ್ಯಾಹ್ನದವರೆಗೆ ನಿದ್ದೆ ಮಾಡಿದೆ. ಅಂಥ ನಿದ್ದೆ ಯಾವತ್ತು ಬಂದಿತ್ತೋ.

ಎರಡು ವಾರ ನಿನಗೆ ಬರೆಯಬಾರದು ಅಂತಿದ್ದೆ. ಬರೆಯಲೂ ಇಲ್ಲ.

ಮೊನ್ನೆ ಶುಕ್ರವಾರ ಜೆನೊನ್ ಅವರ ಮನೆಗೆ ಹೋದೆ. ಅಜ್ಜಿಗೂ ಹೇಳಲಿಲ್ಲ. ಹತ್ತನೇ ಟ್ರಾಮಿನಲ್ಲೇ ಹೋದೆ, ಕಂಬ ಬಿಗಿಯಾಗಿ ಹಿಡಿದುಕೊಂಡು. ಬಾಗಿಲು ತೆರೆದರು. ಕೋಲು ಇತ್ತು. ನಾನು ಅಂದುಕೊಂಡಿದ್ದಕ್ಕಿಂತ ಗಿಡ್ಡ ಅವರು. ನಾನು ಎದಿತಾ ಅವರ ಮಗಳು ಅಂದೆ.

"ಒಳಗೆ ಬಾ. ಚಳಿ ಒಳಗೆ ಬರ್ತಿದೆ" ಅಂದರು.

ಅಡುಗೆಮನೆಯಲ್ಲಿ ಕೂರಿಸಿದರು. ಮೇಜಿನ ಮೇಲೆ ನಿನ್ನ ಕಾಗದ ಇತ್ತು. ನೀನು ಅವರಿಗೆ ಬರೆದದ್ದು ನಾಲ್ಕು ಪುಟ, ನನಗೆ ಎರಡೇ.

"ನೀನು ಕಳಿಸಿದ ಮೆಸೇಜಿಂದ ಆಗಿದ್ದಲ್ಲ ಅಂತ ಬರೆದಿದಾಳೆ ನಿಮ್ಮಮ್ಮ. ಗೊತ್ತಾ ನಿಂಗೆ?"

"ಈಗ ಗೊತ್ತಾಯ್ತು."

"ಇಷ್ಟು ದಿನ ನಿನ್ನದೇ ತಪ್ಪು ಅಂದ್ಕೊಂಡಿದ್ಯಾ?"

ಹೂಂ ಅಂದೆ. ಅವರು ಕೋಲನ್ನು ಗೋಡೆಗೆ ಒರಗಿಸಿ ಎದುರು ಕೂತರು.

"ನೋಡು ಮಗು. ನಿಮ್ಮಮ್ಮನ ಮೇಲೆ ನಂಗೆ ಸಿಟ್ಟಿದೆ. ಸುಳ್ಳು ಯಾಕೆ ಹೇಳ್ಲಿ? ಇಪ್ಪತ್ತೆರಡು ವರ್ಷ ಟ್ರಾಮ್ ಓಡಿಸ್ದೆ, ಈಗ ಡಿಪೋದಲ್ಲಿ ಕೂತು ಬೇರೆಯೋರ ಪಾಳಿ ಬರೀತೀನಿ. ಹಾಡಿಗೋಸ್ಕರ ಅಂತ ಓದಿದ ದಿನ ಸಿಟ್ಟು ಇನ್ನೂ ಜಾಸ್ತಿ ಆಯ್ತು. ಆದ್ರೆ ನಿನ್ನ ಮೇಲೆ ಒಂದು ದಿನಾನೂ ಇರಲಿಲ್ಲ. ಆ ವಕೀಲ ನಿನ್ನ ಹೆಸರೆತ್ತಿದಾಗ್ಲೇ ಅಂದ್ಕೊಂಡೆ, ಪಾಪ ಆ ಹುಡುಗಿನ ಯಾಕೆ ಎಳೀತಾನೆ ಅಂತ."

ಆಮೇಲೆ ಚಹಾ ಮಾಡಿದರು. ಸಕ್ಕರೆ ಡಬ್ಬಿ ಮೇಲಿನ ಹಲಗೆಯಲ್ಲಿತ್ತು. ಅವರು ಕೈ ಚಾಚಿದಾಗ ನಾನು ಎದ್ದೆ. "ಕೂತ್ಕೋ, ನಂಗೆ ಸಿಗುತ್ತೆ" ಅಂದರು. ನಿಜಕ್ಕೂ ಸಿಕ್ಕಿತು.

ಅವರ ಹತ್ತಿರ ಒಳ್ಳೆಯ ಫೋನಿದೆ, ಮಗ ಕೊಡಿಸಿದ್ದಂತೆ. ಮಾತಾಡುವುದಕ್ಕೆ ಬಿಟ್ಟು ಬೇರೇನಕ್ಕೂ ಬಳಸಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಪಕ್ಕದ ಹಾಸಿಗೆಯವರು ಫೋನಿನಲ್ಲಿ ಓದಿ ಮುದ್ರಿಸಿದ ಪುಸ್ತಕ ಕೇಳುತ್ತಿದ್ದರಂತೆ, ಅದು ಬೇಕು ಅಂತ ಆಸೆ, ಯಾರನ್ನು ಕೇಳೋದು ಅಂತ ಸುಮ್ಮನಿದ್ದರಂತೆ. ನನ್ನ ಪ್ಲೇಯರ್ ತೋರಿಸಿದೆ. ಕಿವಿಗೆ ಹಾಕಿಕೊಂಡು ಒಂದನೆಯ ಹಾಡು ಕೇಳಿ ತಕ್ಷಣ ತೆಗೆದುಬಿಟ್ಟರು.

"ಇದೇನಿದು, ಡಿಪೋದಲ್ಲಿ ಬ್ರೇಕ್ ಟೆಸ್ಟ್ ಮಾಡ್ದಂಗಿದೆ!"

ಪ್ಲೇಯರಿನಲ್ಲಿ ಪುಸ್ತಕ ಹಾಕಿದರೆ ಅವರಿಗೆ ಕಷ್ಟ. ಅರ್ಧಕ್ಕೆ ನಿಲ್ಲಿಸಿದರೆ ಎಲ್ಲಿ ಬಿಟ್ಟೆವು ಅಂತ ಈ ಪೆಟ್ಟಿಗೆಗೆ ನೆನಪಿರಲ್ಲ. ಫೋನಿಗೆ ಇರುತ್ತೆ. ಮುಗಿದರೆ ಗ್ರಂಥಾಲಯದಿಂದ ಇನ್ನೊಂದು ಇಳಿಸಿಕೊಳ್ಳಬಹುದು. ಅಕ್ಷರ ದೊಡ್ಡದು ಮಾಡಿಕೊಟ್ಟೆ, ಹೇಗೆ ಅಂತ ಕಾಗದದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಒಂದು ಪತ್ತೇದಾರಿ ಕತೆ ಹಾಕಿದೆವು. ಕೊಲೆ ಆಗುವವರೆಗೂ ನನ್ನನ್ನು ಬಿಡಲಿಲ್ಲ.

ಮನೆಗೆ ಬಂದು ಬೀರುವಿನಿಂದ ಫೋನ್ ತೆಗೆದೆ. ಚಾರ್ಜ್ ಮಾಡಿದೆ. ಆ ಮೂರು ಸಾಲು ಓದಿದೆ. "ಟೊಪ್ಪಿ ಇಲ್ಲ, ಸಾಯ್ತಿದ್ದೀನಿ, ನಿನಗೆ ನನ್ನ ಬಗ್ಗೆ ಚಿಂತೇನೇ ಇಲ್ಲ." ಇಷ್ಟೇ ಅಮ್ಮ ಮೂರನೆಯದು. ಇಷ್ಟು ಚಿಕ್ಕದು ಅಂತ ಮರೆತೇಹೋಗಿತ್ತು.

ಹಾಡಿಗೆ ಈಗಲೂ ಪ್ಲೇಯರೇ. ಅಭ್ಯಾಸ ಆಗಿಬಿಟ್ಟಿದೆ. ಗೆಳತಿಯರು ಸಿಕ್ಕುವುದು ಫೋನಿನಲ್ಲಿ.

ನಿನ್ನ ಮೇಲೆ ಕೋಪ ಹೋಗಿಲ್ಲ.

ಯಾಗೊದಾ

*

ಮಹಿಳಾ ಕಾರಾಗೃಹ
11 ಏಪ್ರಿಲ್ 2024

ಪ್ರೀತಿಯ ಯಾಗೊದಾ,

ವಿಚಾರಣೆ ಆಯಿತು. ಕೊಡಲಿಲ್ಲ.

ಹೇಗಾಯಿತು ಎಂದು ಹೇಳುತ್ತೇನೆ. ನ್ಯಾಯಾಧೀಶೆ ನನ್ನದೇ ವಯಸ್ಸಿನವರು. ಇಲ್ಲಿನವರು ನನ್ನ ನಡವಳಿಕೆ ಚೆನ್ನಾಗಿದೆ ಎಂದು ಬರೆದದ್ದನ್ನು ಓದಿದರು, ಕಡತ ಮುಚ್ಚುವುದರಲ್ಲಿದ್ದರು. ನಾನು ಎದ್ದು ನಿಂತೆ.

"ಆ ದಿನ ನಾನು ಮಗಳ ಮೆಸೇಜ್ ನೋಡ್ತಿರಲಿಲ್ಲ, ಮೇಡಂ. ಹಾಡು ಹುಡುಕ್ತಿದ್ದೆ. ವಕೀಲರು ಹೇಳುವಾಗ ಸುಮ್ಮನಿದ್ದೆ."

ಅವರು ಕನ್ನಡಕ ತೆಗೆದರು. "ಇದನ್ನ ಈಗ ಯಾಕೆ ಹೇಳ್ತಿದೀರಿ? ಇದರಿಂದ ನಿಮಗೆ ಉಪಕಾರ ಆಗಲ್ಲ, ಗೊತ್ತಲ್ಲ?"

"ಮಗಳಿಗೆ ಗೊತ್ತಾಗಿದೆ. ಗಾಯ ಆದೋರಿಗೂ ಬರೆದಿದೀನಿ. ನಿಮಗೊಬ್ಬರಿಗೆ ಹೇಳದೆ ಇರೋದು ಸರಿ ಕಾಣಲಿಲ್ಲ."

ಅರ್ಧ ಗಂಟೆ ಹೊರಗೆ ಕೂರಿಸಿದರು. ಒಳಗೆ ಕರೆದು, ಹೊಸ ವಿಷಯ ಬಂದಿದೆ, ಸದ್ಯಕ್ಕೆ ಬಿಡುಗಡೆ ಇಲ್ಲ, ಮೂರು ತಿಂಗಳ ನಂತರ ಮತ್ತೆ ಅರ್ಜಿ ಹಾಕಬಹುದು ಎಂದರು. ಹೊರಡುವಾಗ ಒಂದು ಮಾತು ಸೇರಿಸಿದರು: "ಜುಲೈನಲ್ಲಿ ಹಾಕಿ. ಮರೀಬೇಡಿ." ಆಗಲೂ ಆಗದಿದ್ದರೆ ಡಿಸೆಂಬರಿಗೆ ಶಿಕ್ಷೆ ತಾನಾಗಿಯೇ ಮುಗಿಯುತ್ತದೆ.

ಬೊಜೆನಾ ಮಾತ್ರ ನನ್ನನ್ನು ಹಿಗ್ಗಾಮುಗ್ಗಾ ಬೈದಳು. "ಬಾಯಿ ಮುಚ್ಕೊಂಡಿದ್ರೆ ಇಷ್ಟೊತ್ತಿಗೆ ಮನೇಲಿ ಸೂಪ್ ಕುಡೀತಿದ್ದೆ, ದಡ್ಡಿ!" ಆಮೇಲೆ ತನ್ನ ಪಾಲಿನ ಕೇಕಿನ ತುಂಡು ನನ್ನ ತಟ್ಟೆಗೆ ಹಾಕಿದಳು. ನಾನು ಅದನ್ನು ತಿಂದೆ, ಎರಡೂ ತುಂಡು ತಿಂದೆ. ಸೋತು ಬಂದ ಹಾಗೆ ಅನ್ನಿಸಲೇ ಇಲ್ಲ. ಜುಲೈವರೆಗಿನ ದಿನಗಳು ಉದ್ದವೇನೋ ಹೌದು, ಆದರೆ ಅವುಗಳಲ್ಲಿ ಬಚ್ಚಿಡಬೇಕಾದದ್ದು ಏನೂ ಇಲ್ಲ.

ಜೆನೊನ್ ಅವರಿಂದ ಕಾಗದ ಬಂತು. ಅರ್ಧ ಪುಟ. ನನ್ನನ್ನು ಕ್ಷಮಿಸಿದೆನೆಂದು ಅವರು ಬರೆದಿಲ್ಲ. ನಿನ್ನ ಮಗಳು ಧೈರ್ಯಸ್ಥೆ, ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕುತ್ತಾಳೆ, ಅದೊಂದು ಕಡಿಮೆ ಮಾಡಲು ಹೇಳು ಎಂದಿದ್ದಾರೆ. ನೀನು ಈಗ ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತೀಯೆಂದು ಅದರಿಂದಲೇ ತಿಳಿಯಿತು. ನೀನು ನನಗೆ ಹೇಳಿರಲಿಲ್ಲ.

ಬಾ ಎಂದು ಇದುವರೆಗೆ ಕೇಳಿರಲಿಲ್ಲ. ಈಗ ಕೇಳುತ್ತಿದ್ದೇನೆ. ಶನಿವಾರಗಳಂದು ಒಂದು ಗಂಟೆ ಭೇಟಿ. ಬರುತ್ತೀಯಾ?

ಅಮ್ಮ

*

ತೋರುನ್
15 ಏಪ್ರಿಲ್ 2024

ಅಮ್ಮ,

ಇಪ್ಪತ್ತನೇ ತಾರೀಖು ಶನಿವಾರ, ಬೆಳಿಗ್ಗೆ ಏಳು ಹತ್ತರ ರೈಲಿಗೆ ಹೊರಡುತ್ತೀನಿ. ಈ ಸಲ ಅಜ್ಜಿ ಬರಲ್ಲ. "ನೀವಿಬ್ರೂ ಜಗಳ ಆಡುವಾಗ ಮಧ್ಯ ಕೂತ್ಕೊಳೋಕೆ ನಂಗೆ ಆಗಲ್ಲ, ಮೊಣಕಾಲು ನೋಯುತ್ತೆ" ಅನ್ನುತ್ತಾಳೆ. ಜಗಳಕ್ಕೂ ಮೊಣಕಾಲಿಗೂ ಏನು ಸಂಬಂಧ ಅಂತ ಕೇಳಿದರೆ ಮಾತು ಬದಲಿಸುತ್ತಾಳೆ. ಖಸಖಸೆ ಕೇಕ್ ಕಟ್ಟಿಕೊಡುತ್ತಾಳಂತೆ, ಒಳಗೆ ಬಿಡಲ್ಲ ಅಂದರೂ ಕೇಳುತ್ತಿಲ್ಲ.

ಈಜಿಗೆ ಮತ್ತೆ ಹೆಸರು ಕೊಟ್ಟೆ. ತರಬೇತಿಯವರು ನಾನು ಇಟ್ಟಿಗೆಯ ಹಾಗೆ ಮುಳುಗುತ್ತೀನಿ ಅಂದರು. ಬೇಸಿಗೆಯೊಳಗೆ ಸರಿಹೋಗುತ್ತಂತೆ.

ಭೇಟಿ ಒಂದು ಗಂಟೆ ಅಂತ ಬರೆದಿದ್ದೀಯ. ಮೊದಲ ಇಪ್ಪತ್ತು ನಿಮಿಷ ನಾನು ಬೈಯುತ್ತೀನಿ. ಏನೇನು ಅಂತ ಬರೆದಿಟ್ಟುಕೊಂಡಿದ್ದೀನಿ, ಒಂದೂವರೆ ಪುಟ ಆಗಿದೆ. ನೀನು ಅಳಬಾರದು, ನಡುವೆ ಬಾಯಿ ಹಾಕಬಾರದು, ಕ್ಷಮಿಸು ಅನ್ನಬಾರದು. ಸುಮ್ಮನೆ ಕೇಳಬೇಕು.

ಉಳಿದ ನಲವತ್ತು ನಿಮಿಷಕ್ಕೆ ನಾನೇನೂ ಬರೆದುಕೊಂಡಿಲ್ಲ.

ಪ್ರೀತಿಯಿಂದ,
ಯಾಗೊದಾ